ನಮ್ಮ ಕಾಕಾನ ಅಂಜಿಕೆ

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಸೇರಿಸಿ ಅಂಜುಬುರುಕರ ಸ್ಪರ್ಧೆ ಇಟ್ಟರೆ ಮೊದಲ ಬಹುಮಾನ ನಮ್ಮ ಕಾಕಾನಿಗೇ! ಆದರೆ ಅದನ್ನು ಇಸಿದುಕೊಳ್ಳಲು ವೇದಿಕೆ ಹತ್ತಬೇಕಲ್ಲ? ಹಲಗೆ ಮುರಿದರೆ?

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಕೌಜಲಗಿಯಲ್ಲಿ ದರ್ಜಿ. ನಾನು ಹುಕ್ಕೇರಿಯಲ್ಲಿ ಸಾಲಿ ಟೀಚರ್. ರಜೆ ಬಂತೆಂದರೆ ಕಾಕಾನ ಮನೆಯೇ ನನ್ನ ತವರು. ಅಜ್ಜನ ಕಾಲದಿಂದ ನಮ್ಮದು ಯೇಸುವನ್ನು ನಂಬಿದ ಮನೆತನ. ನನ್ನ ನಂಬಿಕೆ ಕ್ರಿಸ್‌ಮಸ್ಸಿಗೆ ಹೊಸ ಸೀರೆ ಉಡುವಷ್ಟು. ಕಾಕಾನದು ಹಾಗಲ್ಲ. ಬೆಳಗಿನ ಐದಕ್ಕೆ ಎದ್ದು, ಸತ್ಯವೇದ ತೆರೆದು ಗಟ್ಟಿಯಾಗಿ ಓದಿ, ಮೊಣಕಾಲೂರಿ ಪ್ರಾರ್ಥಿಸುವವರೆಗೆ ಚಹಾ ಕೂಡ ಮುಟ್ಟುವವರಲ್ಲ.

ಪ್ರಾರ್ಥನೆಯೋ, ಅಂಜಿಕೆಗಳ ಮೆರವಣಿಗೆ!

"ಸ್ವಾಮಿ, ಹೊಲಿಗಿ ಮಷೀನಿನ ಮ್ಯಾಲಿನ ಹಲ್ಲಿ ಇವತ್ತ ಬೀಳದಂಗ ನೋಡ್ಕೊ. ಕುಕ್ಕರ್ ಸಿಡೀದಂಗ ನೋಡ್ಕೊ. ಬಾಜೂ ಮನಿ ನಾಯಿ..."

"ನಾಯಿ ಕಟ್ಟಿ ಹಾಕ್ಯಾರ್ರಿ, ನಾ ನೋಡಿ ಬಂದೇನಿ," ಎನ್ನುತ್ತಿದ್ದಳು ಕಾಕಾನ ಹೆಂಡತಿ, ನಮ್ಮ ಕಾಕು. "ಆಮೆನ್ ಅನ್ರಿ, ಚಾ ಆರಾಕತ್ತೈತಿ!"

ಈ ಹೊತ್ತಿಗೆ ನಾನೆಲ್ಲಿ? ಅಡಿಗೆಮನೆಯಲ್ಲಿ, ತೊಳೆದ ಪಾತ್ರೆಯನ್ನೇ ಮತ್ತೊಮ್ಮೆ ತೊಳೆಯುತ್ತಾ. "ಬಾರವಾ, ಒಂದ್ ಅಧ್ಯಾಯ ನೀ ಓದು," ಎಂದು ಕಾಕಾ ಕರೆದಾಗೆಲ್ಲ ನನ್ನ ಕೈ ತೇವವಾಗಿರುತ್ತಿತ್ತು!

ದೇವರು 'ಹೆದರಬೇಡ' ಎಂದು ಹೇಳಿದ ಕಡೆಯೆಲ್ಲ ಕಾಕಾ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದರು. "ಇಷ್ಟೆಲ್ಲ ಓದಿದ ಮ್ಯಾಲೂ ನಿಮಗ ಅಂಜಿಕಿ ಹೋಗಿಲ್ಲಲ್ರಿ ಕಾಕಾ?" ಎಂದು ಕೆಣಕಿದ್ದೆ.

"ದೇವರು ಎಷ್ಟ್ ಸಲ ಹೇಳ್ಯಾನ ನೋಡು. ಅಂದ್ರ ನನ್ನಂಥಾವರು ಆಗೂ ಬಾಳ ಮಂದಿ ಇದ್ರಂತ ಆತು!"

ಮೂಡಲಗಿಯ ಚರ್ಚಿನ ಪಾಸ್ಟರು ಒಮ್ಮೆ ಹಾಸಿಗೆ ಹಿಡಿದ ಅಜ್ಜನೊಬ್ಬನಿಗಾಗಿ ಪ್ರಾರ್ಥಿಸಿ ಬನ್ನಿ ಎಂದು ಕಾಕಾನನ್ನು ಕಳಿಸಿದರು. ಆ ಮನೆಯಲ್ಲಿ ನಾಯಿಯಿತ್ತು. ಕಾಕಾ ಗೇಟಿನ ಹೊರಗೇ ಮೊಣಕಾಲೂರಿ, ಒಳಗಿನ ಅಜ್ಜನಿಗೆ ಕೇಳುವಂತೆ ಕೂಗಿ ಕೂಗಿ ಪ್ರಾರ್ಥಿಸಿದರು. ಅಜ್ಜನ ಜೊತೆಗೆ ಓಣಿಯೆಲ್ಲ ಆಮೆನ್ ಅಂದಿತಂತೆ!

ಸ್ಕೂಟರ್ ಸವಾರಿಯ ಕಥೆ ಕೇಳಲೇಬೇಡಿ. ಪ್ರತಿ ತಿರುವಿಗೂ ಎರಡೂ ಕಾಲು ನೆಲಕ್ಕೆ. ಎಮ್ಮೆಗಳು ಹಿಂದಿನಿಂದ ಬಂದು, ಪಕ್ಕಕ್ಕೆ ಸರಿದು, ಮುಂದೆ ಹೋಗುತ್ತಿದ್ದವು.

ಹೋದ ರಜೆಯಲ್ಲಿ ಒಂದು ಮಧ್ಯಾಹ್ನ ಹಿತ್ತಲಿನ ಕಟ್ಟಿಗೆ ರಾಶಿಗೆ ಕೈ ಹಾಕಿದೆ. ಚುಳ್ ಎಂದಿತು. ನೋಡಿದರೆ, ಕಟ್ಟಿಗೆಯ ಸಂದಿಯಲ್ಲಿ ಹಾವಿನ ಬಾಲ ಜಾರಿ ಮರೆಯಾಗುತ್ತಿತ್ತು.

"ಕಾಕಾ, ಹಾಂವ ಕಚ್ಚೈತಿ!"

ಕಾಕು ಆ್ಯಂಬುಲೆನ್ಸಿಗೆ ಫೋನು ಮಾಡಿದಳು. ದೂರದಲ್ಲಿದೆ, ಬರಲು ಹೊತ್ತಾಗುತ್ತದೆ ಎಂದರು. ಅಷ್ಟರಲ್ಲಿ ಹೊರಗೆ ಸ್ಕೂಟರ್ ಗುರ್ ಎಂದಿತು. ಕಾಕಾ! ಮುಖದಲ್ಲಿ ರಕ್ತವಿಲ್ಲ, ತುಟಿ ಅದುರುತ್ತಿದೆ, ಬನಿಯನ್ನಿನ ಮೇಲೆ ಅಂಗಿಯೂ ಇಲ್ಲ. "ಹತ್ರಿ!" ಎಂದರು. ನಾನು ನಡುವೆ, ಹಿಂದೆ ನನ್ನನ್ನು ತಬ್ಬಿಕೊಂಡು ಕಾಕು.

ಆ ಗೋಕಾಕದ ರಸ್ತೆ! ಕಾಕಾನ ಕಾಲು ಒಮ್ಮೆಯೂ ನೆಲ ಮುಟ್ಟಲಿಲ್ಲ. ಕಬ್ಬಿನ ಟ್ರ್ಯಾಕ್ಟರ್, ಲಾರಿ, ಬಸ್ಸು ಎಲ್ಲವನ್ನೂ ಹಿಂದೆ ಹಾಕುತ್ತಾ ಕೂಗುತ್ತಿದ್ದರು:

"ಸ್ವಾಮಿ, ಅಂಜಿಕಿ ಆಗಾಕತ್ತೈತಿ! ಬಾಳ ಅಂಜಿಕಿ ಆಗಾಕತ್ತೈತಿ! ನೀ ಮುಂದ ನಡಿ, ನಾ ಹಿಂದ ಬರ್ತೇನಿ!"

ನನ್ನ ರೆಪ್ಪೆಗಳು ತಾವೇ ಇಳಿಯತೊಡಗಿದ್ದವು. ನಾಲಗೆ ದಪ್ಪವಾಯಿತು. ಈ ರಸ್ತೆಯಲ್ಲೇ ಸತ್ತುಹೋಗುತ್ತೇನೆ ಎನ್ನಿಸಿತು. ಪ್ರಾರ್ಥಿಸೋಣವೆಂದರೆ ಒಂದು ಮಾತೂ ನೆನಪಾಗಲಿಲ್ಲ. ನೆನಪಾಗಲು ನಾನೇನು ದಿನಾ ಮಾಡಿದವಳೇ? ಕಾಕಾನ ಬೆನ್ನಿಗೆ ಹಣೆ ಒತ್ತಿದೆ. ಅವರ ಕೂಗು ಬೆನ್ನೊಳಗಿಂದ ಗುಂಯ್ಗುಟ್ಟುತ್ತಿತ್ತು. ಅದೇ ನನ್ನದೂ ಎಂದುಕೊಂಡೆ.

ಮುಂದಿನದು ಕಾಕು ಹೇಳಿದ್ದು. ಆಸ್ಪತ್ರೆಯಲ್ಲಿ ನನಗೆ ಸೂಜಿ ಚುಚ್ಚುವುದನ್ನು ನೋಡಿದ್ದೇ ಕಾಕಾ ದೊಪ್ಪನೆ ಬಿದ್ದರಂತೆ. ನರ್ಸು ಗಾಬರಿಯಾಗಿ, "ಇವರಿಗೂ ಕಚ್ಚೇತೇನ್ರಿ?" ಎಂದಳಂತೆ.

"ಇಲ್ರಿ, ಇವರು ಮೊದಲಿಂದನೂ ಹಿಂಗ ಅದಾರ!"

ಮೂರನೆಯ ದಿನ ಬೆಳಿಗ್ಗೆ ನನಗೆ ಸರಿಯಾಗಿ ಎಚ್ಚರವಾಯಿತು. ಮಂಚದ ಬದಿಯ ಸ್ಟೂಲಿನಲ್ಲಿ ಕಾಕಾ, ಕಣ್ಣಿಗೆ ಕನ್ನಡಕವಿಲ್ಲ. ಸತ್ಯವೇದವನ್ನು ಮೂಗಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತರುತ್ತಿದ್ದರು.

"ಚಾಳೀಸ ಎಲ್ರಿ ಕಾಕಾ?"

"ಅವತ್ತ ದಾರ್ಯಾಗ ಬಿತ್ತವಾ."

"ಅಂದ್ರ ಚಾಳೀಸ ಇಲ್ದ ಗಾಡಿ ಹೊಡದ್ರಿ?"

"ಛಲೋನ ಆತು ಬಿಡು. ಎದುರಿನ ಲಾರಿ ನೆಟ್ಟಗ ಕಾಣಿಸಿದ್ರ ನಾ ಹೊಡೀತಿದ್ದಿಲ್ಲ!"

ನಕ್ಕೆ. ಎದೆ ನೋಯಿತು. ಕಾಕಾ ಪುಸ್ತಕವನ್ನು ನನ್ನ ಹೊದಿಕೆಯ ಮೇಲಿಟ್ಟರು. "ಇವತ್ತಿಂದು ನೀ ಓದವಾ."

ನೆಪ ಹೇಳಲು ಬಾಯಿ ಬರಲಿಲ್ಲ. ತೆರೆದ ಪುಟದಿಂದಲೇ ಶುರು ಮಾಡಿದೆ. ಎರಡು ಸಾಲು ಓದಿ ಪುಸ್ತಕವನ್ನು ಹೊದಿಕೆಯ ಮೇಲಿಳಿಸಿದೆ.

"ಯಾಕವಾ?"

"ಅಂಜಿಕಿ ಆಗಾಕತ್ತೈತ್ರಿ ಕಾಕಾ. ಕಣ್ಣು ಮುಚ್ಚಾಕೂ ಅಂಜಿಕಿ. ಮುಚ್ಚಿದ್ರ ತೆರೀತಾವೋ ಇಲ್ಲೋ ಅಂತ."

ಇಷ್ಟು ವರ್ಷ ಅವರ ಅಂಜಿಕೆಗೆ ನಕ್ಕವಳು ನಾನು. ಕಾಕಾ ನಗಲಿಲ್ಲ. ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಹೇಳಿದರು:

"ನನಗೂ ದಿನಾ ಆಗತೈತವಾ. ಅದಕ್ಕ ದಿನಾ ಓದತೇನಿ."

ನಾನು ಕಣ್ಣೊರೆಸಿಕೊಂಡು ಮೂರನೆಯ ಸಾಲು ಓದಿದೆ.