ಪೆಟ್ಟು ತಿನ್ನದ ಇಲಿ

ತಲೆಗೆ ಪೆಟ್ಟು ಬಿದ್ದದ್ದು ನಮ್ಮ ಅತ್ತೆಗೆ. ಆದರೆ ಹೂವಿನಹಡಗಲಿಗೆ ಬಂದು ಯಾರನ್ನಾದರೂ ಕೇಳಿ ನೋಡಿ, "ಪಾಪ, ಮೇಷ್ಟ್ರ ತಲಿ ಕೆಟ್ಟೈತ್ರಿ" ಎಂದು ನಮ್ಮ ಸೋದರಮಾವನ ಕಡೆಗೇ ಬೆರಳು ತೋರಿಸುತ್ತಾರೆ! ಅವರದೇನೂ ತಪ್ಪಿಲ್ಲ ಬಿಡಿ. ಮಾವನ ಹೆಸರನ್ನು ಮಾತ್ರ ನಾನು ಹೇಳುವುದಿಲ್ಲ. ಆ ಹೆಸರನ್ನು ಹೇಳುವ ಹಕ್ಕು ಇನ್ನೊಬ್ಬರದು.

ಮಾವ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಅದಕ್ಕೂ ಮೊದಲು, ಹರೆಯದಲ್ಲಿ, ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬಿಳಿ ಇಲಿಗಳನ್ನು ಇಟ್ಟುಕೊಂಡು ಸಂಶೋಧನೆ ಮಾಡಿದ್ದರು. ಏನು ಸಂಶೋಧನೆ? ಇಲಿಗೆ ಮದ್ದು ಕೊಟ್ಟು ಮಲಗಿಸಿ ಮೆದುಳಿಗೆ ಸಣ್ಣದೊಂದು ಗಾಯ ಮಾಡುವುದು. ಎದ್ದ ಮೇಲೆ ಅದಕ್ಕೆ ಹಳೆಯ ದಾರಿ ನೆನಪಿದೆಯೇ, ಗುಣ ಬದಲಾಯಿತೇ, ಎಷ್ಟು ಚೇತರಿಸಿಕೊಂಡಿತು ಎಂದು ನೋಡುವುದು. ಮದುವೆಯಾದ ಹೊಸದರಲ್ಲೇ ಅತ್ತೆ, "ನಿಮ್ಮ ಇಲಿ ಪುರಾಣ ಊಟದ ಮುಂದ ಬ್ಯಾಡ್ರೀ" ಎಂದು ಬಾಯಿ ಮುಚ್ಚಿಸಿದ್ದರಂತೆ. ಮಾವ ಮುಚ್ಚಿಕೊಂಡೇ ಇದ್ದರು, ಹೋದ ವರ್ಷ ಮಾಗಳ ಊರಿನಿಂದ ಬರುವಾಗ ತಮ್ಮ ಬೈಕು ರಸ್ತೆಯ ಹಂಪು ಹಾರಿ ಹಿಂದೆ ಕೂತಿದ್ದ ಅತ್ತೆ ಕೆಳಗೆ ಬೀಳುವತನಕ.

ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಬಂದ ಅತ್ತೆಯೇ ಬೇರೆ. ಎಡಗೈಯಲ್ಲಿ ಕಸುವಿಲ್ಲ. ಅಡುಗೆಮನೆ ಎಲ್ಲಿದೆ ಎಂಬುದೇ ಮರೆತುಹೋಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಸಂಕೋಚ ಎಂಬುದು ಪೂರಾ ಮಾಯ! ಮದುವೆಯ ದಿನ ಪ್ರಾಸ ಕಟ್ಟಿ ಒಡಪು ಹೇಳಿದ್ದು ಬಿಟ್ಟರೆ ಗಂಡನ ಹೆಸರನ್ನು ನಾಲಗೆಗೆ ತಂದವರೇ ಅಲ್ಲ. ಈಗ ನೋಡಿದರೆ ಓಣಿಗೆಲ್ಲ ಕೇಳುವಂತೆ ಹೆಸರು ಹಿಡಿದು, ಅದಕ್ಕೊಂದು 'ಲೇ' ಅಂಟಿಸಿ, "ನೀರು ತಗೊಂಬಾ" ಎನ್ನುತ್ತಿದ್ದರು. ಮಾತಾಡಿಸಲು ಬಂದ ಪಕ್ಕದ ಮನೆಯಾಕೆಯ ಎದುರಿಗೇ, "ಈಕಿ ನಮ್ಮ ಡಬ್ಬಿ ಒಯ್ದಾಕಿ ಇನ್ನಾ ತಂದಿಲ್ಲ, ಕೇಳ್ಲೇ!" ಎಂದರು. ಡಬ್ಬಿ ಅವತ್ತೇ ವಾಪಸ್ಸು ಬಂತು.

"ಹಿಂಗ ಉಳೀತದೇನ್ ಮಾವ?" ಎಂದು ಕೇಳಿದೆ. ಡಾಕ್ಟರು, ಕೆಲವರು ಮೊದಲಿನಂತಾಗುತ್ತಾರೆ, ಕೆಲವರು ಆಗುವುದಿಲ್ಲ, ಕಾಯಬೇಕು ಎಂದಿದ್ದರು. ಕಾಯುವುದೇ? ನಮ್ಮ ಮಾವನೇ?

"ಬರೇ ಬೋನಿನ್ಯಾಗ ಇಟ್ಟ ಇಲಿ ಮಂಕು ಹಿಡದು ಮೂಲ್ಯಾಗ ಕುಂದರ್ತಿತ್ತಲೇ. ಹತ್ತಾಕ ಏಣಿ, ತೂರಾಕ ಡಬ್ಬಿ, ಜತಿಗೆ ನಾಕು ಇಲಿ ಕೊಟ್ಟು ನೋಡು, ಲಗೂನ ಚೇತರಿಸ್ಕೊಂತಿತ್ತು" ಎಂದರು ಮಾವ, ಅಂಗಳದಲ್ಲಿ ಅತ್ತಿಂದಿತ್ತ ಸುತ್ತುತ್ತಲೇ.

ತಗೊಳ್ಳಿ, ಮನೆ ಬೋನಾಯಿತು! ಮಂಚ ಪಡಸಾಲೆಗೆ ಬಂತು, ಟಿ.ವಿ. ಅಡುಗೆಮನೆಗೆ ಹೋಯಿತು, ಸಕ್ಕರೆ ಡಬ್ಬಿ ದೇವರ ಗೂಡು ಸೇರಿತು. ಮರುದಿನ ಎಲ್ಲವೂ ಮತ್ತೆ ಅದಲುಬದಲು. 'ಜತೆಯ ಇಲಿಗಳು' ಬೇಕಲ್ಲ? ಹೂವಿನ ಮಾರುಕಟ್ಟೆಯಿಂದ ಹೊರಟವರನ್ನೆಲ್ಲ ಅಡ್ಡಗಟ್ಟಿ, "ಬರ್ರಿ, ಒಗ್ಗರಣಿ ಮಂಡಕ್ಕಿ ತಿನ್ನೂವಂತ್ರಿ" ಎಂದು ಕರೆತರುತ್ತಿದ್ದರು. ಕೂಡಲು ಕುರ್ಚಿ ಎಲ್ಲಿದೆ ಎಂದು ಬಂದವರೂ ಹುಡುಕಬೇಕಾಗಿತ್ತು.

ಹರಪನಹಳ್ಳಿಯಲ್ಲಿದ್ದ ನನಗೂ ಮಾವನ ಕರೆ ಬಂತು. "ಪೆಟ್ಟು ತಿಂದ ಇಲಿ ಜೋಡಿ ಹೋಲಿಸಾಕ ಪೆಟ್ಟು ತಿನ್ನದ ಇಲಿ ಒಂದು ಬೇಕಲೇ. ನಾಷ್ಟಾ ಮಾಡದ ಬಾ. ಹೊಟ್ಟಿ ತುಂಬಿದ ಇಲಿ ಹುಡುಕಂಗಿಲ್ಲ."

ಸೋದರಳಿಯನ ಸಂಬಂಧಕ್ಕೆ ಇಂಥ ಮರ್ಯಾದೆ ಎಲ್ಲಿ ಸಿಕ್ಕೀತು ಹೇಳಿ! ಬರಿಹೊಟ್ಟೆಯಲ್ಲಿ ಬಸ್ಸು ಹತ್ತಿ ಹೋದೆ. ಬಿಸಿ ಮಿರ್ಚಿ ಬಜ್ಜಿಯನ್ನು ಮನೆಯಲ್ಲೆಲ್ಲೋ ಬಚ್ಚಿಟ್ಟು ನಮ್ಮಿಬ್ಬರನ್ನೂ ಬಿಟ್ಟರು. ನಾನು ಕಪಾಟು, ಮಂಚದ ಕೆಳಗು, ಸ್ನಾನದ ಮನೆ ಎಲ್ಲ ಜಾಲಾಡಿ ಬರುವಷ್ಟರಲ್ಲಿ ಅತ್ತೆ ಹೊಲಿಗೆ ಯಂತ್ರದ ಹಿಂದೆ ಕೂತು ಕೊನೆಯ ಮಿರ್ಚಿ ಮುಗಿಸುತ್ತಿದ್ದರು. ನನ್ನನ್ನು ನೋಡಿ, ಯಥಾಪ್ರಕಾರ ಗಂಡನ ಹೆಸರು ಹಿಡಿದು, "ಲೇ, ಇವನ್ನ ಮೊದ್ಲು ದಾವಣಗೇರಿಗೆ ತೋರ್ಸು!" ಎಂದರು. ಮಾವ ಬಿದ್ದು ಬಿದ್ದು ನಕ್ಕರು. ನನಗೆ ಹಸಿವು.

ಎಡಗೈಗೂ ಇಲಿಯ ಪಾಠವೇ. ಗಟ್ಟಿ ಕಾಲನ್ನು ಕಟ್ಟಿಬಿಟ್ಟರೆ ಇಲಿ ಸೋತ ಕಾಲನ್ನು ಬಳಸಲೇಬೇಕಂತೆ. ಅತ್ತೆಯ ಬಲಗೈಗೆ ಟವಲು ಸುತ್ತಿ, ಎಡಗೈಯಿಂದ ಮಲ್ಲಿಗೆ ಮೊಗ್ಗು ಆಯಿಸತೊಡಗಿದರು. ಪಕ್ಕದ ಮನೆಯಾಕೆ ಕಂಗಾಲಾಗಿ, "ಅಯ್ಯ, ಕೈಯೂ ಮುರದೈತೇನ್ರೀ?" ಎಂದರು.

"ಇಲ್ರಿ, ಇದು ಚಲೋ ಕೈ. ಅದಕ್ಕ ಕಟ್ಟೀನಿ" ಎಂದರು ಮಾವ.

ಅಂದಿನಿಂದಲೇ ಊರಿನವರು ಆ ತೀರ್ಮಾನಕ್ಕೆ ಬಂದದ್ದು. ಇಷ್ಟಾದರೂ ಮಾವ ಒಂದು ಕಡೆ ಕೂತದ್ದನ್ನು ಕಂಡವರಿಲ್ಲ. ಚಹಾ ಸಹ ನಡೆಯುತ್ತಲೇ ಕುಡಿಯುತ್ತಿದ್ದರು. ಅತ್ತೆ ನಿದ್ದೆ ಹೋದಾಗಲೂ ಬಾಗಿಲ ತನಕ ಹೋಗಿ ಇಣುಕಿ, ಮರಳಿ, ಮತ್ತೆ ಇಣುಕುತ್ತಿದ್ದರು.

ಮೊನ್ನೆ ಹೋದಾಗ ಮನೆ ತುಂಬ ಮಂದಿ ಮಂಡಕ್ಕಿ ತಿನ್ನುತ್ತಿದ್ದರು. ಮಾವ ಕಬ್ಬಿಣದ ಕಪಾಟನ್ನು ಒಬ್ಬರೇ ದೂಡುತ್ತಿದ್ದರು. ಒಳಗಿನಿಂದ ಅತ್ತೆಯ ದನಿ ಬಂತು.

"ಏನ್ರೀ, ಕಪಾಟು ಅಲ್ಲೇ ಇರ್ಲಿ ಬಿಡ್ರಿ. ಮಂದಿ ಕುಂತಾರ."

ಹೆಸರಿಲ್ಲ, ಲೇ ಇಲ್ಲ! ಪಕ್ಕದ ಮನೆಯಾಕೆ ಬಾಯಿಗೆ ಹಾಕಿಕೊಳ್ಳಬೇಕಾದ ಮಂಡಕ್ಕಿಯನ್ನು ಕೈಯಲ್ಲೇ ಹಿಡಿದು ಕೂತರು. ಮಾವ ಕಪಾಟು ಬಿಟ್ಟು ಸರಸರನೆ ಹಿತ್ತಲಿಗೆ ಹೋದರು. ನಾನು ಕುಣಿಯುತ್ತ ಹಿಂದೆ ಹೋಗಿ, "ಮಾವ, ಗೆದ್ರಿ! ಅತ್ತಿ ಗುಣ ಆದ್ರು!" ಎಂದೆ.

ಮಾವ ಅಳುತ್ತಿದ್ದರು.

"ಗುಣ ಆದ ಮ್ಯಾಲೆ ಇಲಿ ಹೆಂಗ ಇರ್ತದ ಅಂತ ನನಗ ಗೊತ್ತಿಲ್ಲಲೇ" ಎಂದರು. "ಗುಣ ಆದ ಕೂಡ್ಲೆ ಕೊಂದು ಮೆದುಳು ತಗದು ನೋಡ್ತಿದ್ವಿ. ಒಂದನ್ನೂ ಉಳಿಸ್ಕೊಳ್ಲಿಲ್ಲ. ಬೈಕಿನಿಂದ ಬಿದ್ದ ದಿನದಿಂದ್ಲೂ ಅದ ಹೆದರಿಕಿ, ಈಕಿ ಚಲೋ ಆದ್ಲು ಅನ್ನೂದ್ರಾಗ ಎಲ್ಲಿ ಕೈ ಬಿಟ್ಟು ಹೋಗ್ತಾಳೋ ಅಂತ."

ಒಂದು ವರ್ಷದಿಂದ ನಾನು ನಕ್ಕದ್ದೆಲ್ಲ ಇದಕ್ಕೇ! ಅಷ್ಟರಲ್ಲಿ ಅತ್ತೆ ಹಿತ್ತಲ ಬಾಗಿಲಿಗೆ ಬಂದರು. ಎಡಗೈಯಿಂದಲೇ ಸೆರಗು ಸರಿಮಾಡಿಕೊಂಡು, "ಏನ್ರೀ, ಊಟಕ್ಕ ಬರ್ರಿ, ಸಾರು ಆರ್ತದ" ಎಂದರು. ಮಾವ ಅಲುಗಾಡಲಿಲ್ಲ.

ಅತ್ತೆ ಹಿಂದೆ ತಿರುಗಿ ನೋಡಿದರು. ಮಂದಿ ಯಾರೂ ಬಂದಿರಲಿಲ್ಲ. ನಾನಿದ್ದೆ, ಆದರೆ ನಾನೇನು ಲೆಕ್ಕ, ಪೆಟ್ಟು ತಿನ್ನದ ಇಲಿ! ಅತ್ತೆ ಹತ್ತಿರ ಬಂದು, ತಮಗೇ ನಾಚಿಕೆಯಾದಂತೆ ತಲೆ ತಗ್ಗಿಸಿ, ಮೆಲ್ಲಗೆ ಗಂಡನ ಹೆಸರು ಹಿಡಿದು ಕರೆದರು.

ಒಂದು ವರ್ಷದಿಂದ ಕೂತದ್ದನ್ನು ಯಾರೂ ಕಾಣದ ನಮ್ಮ ಮಾವ, ಹಿಂದೆಯೇ ಹೋಗಿ ಊಟಕ್ಕೆ ಕೂತರು.