ಜೀಪಿನ ಎಡಗನ್ನಡಿ ಜೋಡಣಾ ಸಮಿತಿ

ಕೊಪ್ಪಳದ ಜಿಲ್ಲಾ ಸಮನ್ವಯ ಕಚೇರಿಯ ಜೀಪಿಗೆ ಎಡಗನ್ನಡಿ ಇಲ್ಲವೆಂಬ ಅಂಶವನ್ನು ಸದರಿ ಕಚೇರಿಯು ಎಂದೂ ಅಲ್ಲಗಳೆದಿರುವುದಿಲ್ಲ. ಇಲ್ಲದಿರುವುದಕ್ಕೆ ಕ್ರಮಬದ್ಧವಾದ ಕಡತವೊಂದಿತ್ತು. ಕನ್ನಡಿ ಇದ್ದಾಗ ಅದೂ ಇರಲಿಲ್ಲ.

ಕನ್ನಡಿ ಹೋದದ್ದು ಹುಲಿಗಿಯಲ್ಲಿ, ಹುಣ್ಣಿಮೆಯ ದಿನ. ಸಾಹೇಬರು ಭಕ್ತಾದಿಗಳ ಸಮನ್ವಯಕ್ಕೆಂದು ಸಂಸಾರ ಸಮೇತ ಗುಡಿಯೊಳಗೆ ಹೋಗಿದ್ದರು. ಹೊರಗೆ ನಿಲ್ಲಿಸಿದ್ದ ಜೀಪನ್ನು ಸವರಿಕೊಂಡು ಹೋದ ಟ್ರ್ಯಾಕ್ಟರಿನ ಹಗ್ಗಕ್ಕೆ ಕನ್ನಡಿ ಸಿಕ್ಕಿ, ಬುಡಸಮೇತ ಕಿತ್ತುಬಂದು, ಗಂಗಾವತಿ ದಿಕ್ಕಿಗೆ ಹೊರಟುಹೋಯಿತು. ಡ್ರೈವರ್ ಮೆಹಬೂಬಸಾಬರು ಅದರ ಹಿಂದೆ ಒಂದಷ್ಟು ದೂರ ಓಡಿ, ತೇಕು ಹತ್ತಿ ನಿಂತರು.

ಮೆಹಬೂಬಸಾಬರ ಸೇವೆ ಮುಗಿಯಲು ಇನ್ನು ನಾಲ್ಕು ತಿಂಗಳಿತ್ತು. ಮೂವತ್ತೊಂದು ವರ್ಷ ಒಂದು ಕೋಳಿಗೂ ಗಾಲಿ ತಾಗಿಸದ ಮನುಷ್ಯ. ನಿವೃತ್ತಿಯ ದಿನ 'ಅಪಘಾತರಹಿತ ಸೇವಾ ಪ್ರಮಾಣಪತ್ರ' ಕೈಗೆ ಬಂದರೆ ಮಾತ್ರ ಪಿಂಚಣಿಯ ಕಡತ ಮುಂದಕ್ಕೆ ಹೋಗುತ್ತದೆ. ಎಲ್ಲಾದರೂ ತಾಗಿದರೆ ವಿಚಾರಣೆ, ವಿಚಾರಣೆ ಮುಗಿಯಲು ಇನ್ನೊಂದು ಜನ್ಮ ಬೇಕು. ಹಾಗಾಗಿ ಹಿಂದೆ ಏನು ಬರುತ್ತಿದೆ ಎಂಬುದು ಅವರಿಗೆ ಹೊಟ್ಟೆಪಾಡಿನ ಪ್ರಶ್ನೆ. ಕಚೇರಿಗೆ ಅದು ಮುಂದಿನ ಸಭೆಯ ಏಳನೆಯ ವಿಷಯ.

ಗ್ಯಾರೇಜಿನ ತೌಸೀಫ, ಮೂರು ಸ್ಕ್ರೂ ಬಿಗಿಯುವ ಕೆಲಸ, ಚಹಾ ಬರುವುದರೊಳಗೆ ಮುಗಿಸುತ್ತೇನೆ ಎಂದ. ಕೈಯಿಂದಲೇ ರೊಕ್ಕ ಹಾಕಿ ಕೂಡಿಸಿಬಿಡೋಣವೆಂದು ಮೆಹಬೂಬಸಾಬರು ಅನುಮತಿ ಕೇಳಿದ್ದೇ ತಪ್ಪಾಯಿತು. ಮ್ಯಾನೇಜರ್ ಶಿವಲೀಲಾ ಮೇಡಂ ಲಿಖಿತ ಉತ್ತರ ಕೊಟ್ಟರು: ಖಾಸಗಿ ಕನ್ನಡಿಯಲ್ಲಿ ಕಂಡುಬರುವ ವಾಹನಗಳನ್ನು ಸರ್ಕಾರವು ಮಾನ್ಯ ಮಾಡತಕ್ಕದ್ದಲ್ಲ. ಹೊಸ ಕನ್ನಡಿ ಬೇಕಿದ್ದರೆ ಹಳೆಯದನ್ನು ಒಪ್ಪಿಸತಕ್ಕದ್ದು.

"ಹಳೇದು ಟ್ರ್ಯಾಕ್ಟರ್ ಜೋಡಿ ಹೋಗೇತ್ರಿ ಮೇಡಂ," ಎಂದರು ಮೆಹಬೂಬಸಾಬರು.

"ಹಂಗಾದ್ರ ಬಲಗಡೀದು ಒಪ್ಪಸ್ರಿ. ರೂಲಿನಾಗ ಕನ್ನಡಿ ಅಂತ ಐತಿ, ಯಾವ ಕಡೀದು ಅಂತಿಲ್ಲ."

"ಅದು ಛಲೋ ಐತಲ್ರಿ."

"ಛಲೋ ಐತಿ ಅಂತನ ಒಪ್ಪಸಾಕ ಬರ್ತೈತಿ. ಹೋದದ್ದನ್ನ ಹ್ಯಾಂಗ ಒಪ್ಪಸ್ತೀರಿ?"

ಮೆಹಬೂಬಸಾಬರು ಜೀಪನ್ನು ಗ್ಯಾರೇಜಿಗೆ ಒಯ್ದರು. ತೌಸೀಫ ಬಲಗನ್ನಡಿಯನ್ನು ಬಿಚ್ಚಿಕೊಟ್ಟ. ಮೇಡಂ ಅದಕ್ಕೆ ಅರಿವೆ ಸುತ್ತಿಸಿ, ಅರಗಿನ ಮೊಹರು ಹಾಕಿಸಿ ತಿಜೋರಿಯಲ್ಲಿ ಇಡಿಸಿದರು. ಎಡ ಬಲಗಳ ನಡುವಿನ ತಾರತಮ್ಯ ಹೀಗೆ ನಿವಾರಣೆಯಾಯಿತು.

ಇನ್ನು ಖರೀದಿ. ಜಿಲ್ಲೆಗೆ ಏನೇ ಬಂದರೂ ಕೊಪ್ಪಳವೊಂದೇ ನುಂಗಬಾರದು, ತಾಲೂಕುಗಳಿಗೂ ಪಾಲು ಹೋಗಬೇಕೆಂಬುದು ಈ ಕಚೇರಿಯ ಹಳೆಯ ಪದ್ಧತಿ. ಎರಡೂ ಕನ್ನಡಿಗಳನ್ನು ಇಡಿಯಾಗಿ ಕೊಪ್ಪಳದಲ್ಲೇ ಕೊಳ್ಳುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಮೂರು ತಾಲೂಕುಗಳಿಂದ ಮನವಿಗಳು ಬಂದವು. ಸಾಹೇಬರು ನ್ಯಾಯವಾಗಿ ಹಂಚಿದರು: ಗಾಜು ಕುಷ್ಟಗಿಯಿಂದ, ಗಾಜು ಕೂರುವ ಡಬ್ಬಿ ಗಂಗಾವತಿಯಿಂದ, ಸ್ಕ್ರೂ ಯಲಬುರ್ಗಾದಿಂದ. ಕೊಪ್ಪಳಕ್ಕೆ ಜೋಡಣಾ ಸಮಿತಿ. ಯಲಬುರ್ಗಾ ಕಡೆಯ ಮಂಗಳೂರಿನವರು ತಮ್ಮದೂ ದೊಡ್ಡ ಊರೆಂದು ತಕರಾರು ತೆಗೆದಾಗ ಅವರಿಗೆ ವಾಷರು ಮಂಜೂರಾಯಿತು.

ಮೂರು ತಿಂಗಳಿಗೆ ಸಾಮಾನು ಬಂತು. ಯಾರೂ ಯಾರ ಅಳತೆಯನ್ನೂ ಕೇಳಿರಲಿಲ್ಲ, ಕೇಳಿದ್ದರೆ ಇನ್ನೊಬ್ಬರ ಪಾಲಿನಲ್ಲಿ ಕೈ ಹಾಕಿದಂತಾಗುತ್ತಿತ್ತು. ಕುಷ್ಟಗಿಯ ಗಾಜಿನಲ್ಲಿ ಮುಖ ಮಾತ್ರವಲ್ಲ, ಹೆಗಲಿನ ಟವೆಲ್ಲೂ ಕಾಣುತ್ತಿತ್ತು. ಗಂಗಾವತಿಯ ಡಬ್ಬಿ ಅಂಗೈಯಷ್ಟಿತ್ತು. ತೌಸೀಫ ಎರಡನ್ನೂ ತಿರುಗಿಸಿ ನೋಡಿ, "ಗಾಜು ಡಬ್ಬ್ಯಾಗ ಕೂಡಂಗಿಲ್ರಿ. ಡಬ್ಬಿ ಬೇಕಾದ್ರ ಗಾಜಿನ ಮ್ಯಾಲ ಕೂಡ್ತೈತಿ," ಎಂದ.

ಸಮಿತಿಯು ಈ ತಾಂತ್ರಿಕ ಅಭಿಪ್ರಾಯವನ್ನು ಗಮನಿಸಿ ಠರಾವು ಮಾಡಿತು: ಜೋಡಣೆಯು ತೃಪ್ತಿಕರವಾಗಿ ಪೂರ್ಣಗೊಂಡಿದೆ. ಗಾಜನ್ನು ಸುರಕ್ಷತೆಯ ದೃಷ್ಟಿಯಿಂದ ಸಾಹೇಬರ ಕೊಠಡಿಯ ಗೋಡೆಯ ಮೇಲೆ ಇರಿಸಲಾಗಿದೆ. ಜೀಪಿನ ಎರಡೂ ಬದಿಗೆ ಖಾಲಿ ಡಬ್ಬಿ ಬಿಗಿದು, ಕಾಯಿ ಒಡೆದು, ರಿಬ್ಬನ್ ಕತ್ತರಿಸಿದರು. ಸಾಹೇಬರು ಖಾಲಿ ಡಬ್ಬಿಯೊಳಗೆ ನೋಡಿ ಕ್ರಾಪು ತೀಡಿಕೊಂಡರು. ಚೆನ್ನಾಗಿ ಕಾಣುತ್ತಿದೆ ಎಂದೂ ಹೇಳಿದರು.

ಮೆಹಬೂಬಸಾಬರು ಕತ್ತು ಹೊರಗೆ ಹಾಕಿ ಗಾಡಿ ಓಡಿಸಿದರು. ಹಿಂದಕ್ಕೆ ತೆಗೆಯುವಾಗ ಗೇಟು ಕಾಯುವ ಕಲ್ಲೇಶ ನಿಂತು "ಬರ್ಲಿ, ಬರ್ಲಿ" ಎಂದು ಕೂಗುತ್ತಿದ್ದ. ವ್ಯವಸ್ಥೆ ಚೆನ್ನಾಗಿಯೇ ನಡೆದಿತ್ತು, ಆದ್ದರಿಂದ ಅದು ಮೇಡಂ ಕಣ್ಣಿಗೆ ಬಿತ್ತು. ಕನ್ನಡಿಗಳು ಕಾರ್ಯನಿರತವಾಗಿರುವಾಗ ಬಾಯಿಯಿಂದ ದಾರಿ ಹೇಳುವುದು ಸಮಿತಿಗೆ ಮಾಡುವ ಅವಮಾನವೆಂದು ಕಲ್ಲೇಶನಿಗೆ ಜ್ಞಾಪನ ಹೋಯಿತು. ಅವನು ಬಾಯಿ ಮುಚ್ಚಿದ.

ನಿವೃತ್ತಿಗೆ ಎರಡು ದಿನ ಇರುವಾಗ ಜೀಪು ಗೇಟಿನತ್ತ ಹಿಂದಕ್ಕೆ ಬಂತು. ಕಲ್ಲೇಶ ನೋಡಿದ, ಕೈ ಬೀಸಿದ, ಆದರೆ ಜ್ಞಾಪನ ಪಾಲಿಸಿದ. ಗೇಟು ಬಾಗಿತು, ಜೀಪಿನ ಹಿಂಬದಿ ನೆಗ್ಗಿತು. ಮೆಹಬೂಬಸಾಬರು ಕೆಳಗಿಳಿದು ಅದನ್ನು ನೋಡಿ, ಅಲ್ಲೇ ನೆಲದ ಮೇಲೆ ಕೂತು ಅತ್ತರು. ಅರವತ್ತರ ಗಂಡಸು ಆಫೀಸಿನ ಮುಂದೆ ಅಳಬಾರದೆಂಬ ನಿಯಮ ಇನ್ನೂ ಬಂದಿರಲಿಲ್ಲ.

ಸಮಿತಿ ಅಂದೇ ಸೇರಿತು. ಚಾಲಕನಿಗೆ ಹಿಂದಿನದು ಕಾಣಲಿಲ್ಲವೆಂದರೆ ಕನ್ನಡಿ ಇಲ್ಲವೆಂದಾಗುತ್ತದೆ, ಕನ್ನಡಿ ಇಲ್ಲವೆಂದರೆ ಸಮಿತಿಯೇ ಸುಳ್ಳಾಗುತ್ತದೆ. ಆದ್ದರಿಂದ ಹೀಗೆ ಬರೆದರು: ಎರಡೂ ಕನ್ನಡಿಗಳು ಸುಸ್ಥಿತಿಯಲ್ಲಿದ್ದು, ಚಾಲಕರು ಮೂವತ್ತೊಂದು ವರ್ಷದಿಂದ ಅಪಘಾತರಹಿತರಾಗಿರುವುದರಿಂದ, ಗೇಟು ತನ್ನ ಸ್ಥಳ ಬಿಟ್ಟು ಮುಂದೆ ಬಂದಿರುವುದು ಸಾಬೀತಾಗಿದೆ. ಗೇಟನ್ನು ಹದ್ದುಬಸ್ತಿನಲ್ಲಿ ಇಡದ ಕಲ್ಲೇಶನ ಎರಡು ಇಂಕ್ರಿಮೆಂಟು ತಡೆಹಿಡಿಯತಕ್ಕದ್ದು. ಉಳಿದದ್ದು ಒಂದೇ ಸಹಿ. ಗೇಟು ಬರುವುದನ್ನು ಕನ್ನಡಿಯಲ್ಲಿ ಕಣ್ಣಾರೆ ಕಂಡೆನೆಂದು ಮೆಹಬೂಬಸಾಬರು ಬರೆದುಕೊಡಬೇಕಿತ್ತು.

ಅವರು ಕಾಗದ ಹಿಡಿದು ಸೀದಾ ಕಲ್ಲೇಶನ ಹತ್ತಿರ ಹೋದರು.

"ನಾ ಬರ್ಯಂಗಿಲ್ಲೋ ಕಲ್ಲೇಶ. ತಪ್ಪು ನಂದು, ನಿನ್ನ ಹೊಟ್ಟಿ ಮ್ಯಾಲ ಯಾಕ ಹೊಡೀಲಿ?"

"ಬರೀರಿ ಕಾಕಾ. ನನ್ನ ಠರಾವು ಆಗೇ ಹೋಗೇತಿ. ಬರೀಲಿಲ್ಲಂದ್ರ ನಿಮ್ಮ ಪಿಂಚಣಿನೂ ಹೋಗ್ತೈತಿ, ನನ್ನ ಇಂಕ್ರಿಮೆಂಟೂ ಹೋಗ್ತೈತಿ. ಬರದ್ರ ನಂದಷ್ಟ ಹೋಗ್ತೈತಿ."

ಲೆಕ್ಕ ಸರಿಯಿತ್ತು. ಮೆಹಬೂಬಸಾಬರು ಸಹಿ ಮಾಡಿದರು. ಮೂವತ್ತೊಂದು ವರ್ಷದಲ್ಲಿ ಅವರು ಬರೆದುಕೊಟ್ಟ ಮೊದಲ ಸುಳ್ಳು ಅದು, ಕಚೇರಿ ಅವರ ಮಾತನ್ನು ಒಂದೇ ಸಲಕ್ಕೆ ನಂಬಿದ್ದೂ ಅದೇ ಮೊದಲು.

ಬೀಳ್ಕೊಡುಗೆ ವಿಜೃಂಭಣೆಯಿಂದ ನಡೆಯಿತು. ಶಾಲು, ಹಾರ, ಚೌಕಟ್ಟು ಹಾಕಿಸಿದ ಪ್ರಮಾಣಪತ್ರ. ಹಿಂದೆ ನೋಡದೆ ಸೇವೆ ಸಲ್ಲಿಸಿದವರೆಂದು ಸಾಹೇಬರು ಕೊಂಡಾಡಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಕಲ್ಲೇಶನಿಗೆ ಮಾತ್ರ ಬರಲಾಗಲಿಲ್ಲ. ಗೇಟಿನ ನಡತೆ ಸುಧಾರಿಸುವ ತನಕ ಅದನ್ನು ಎರಡೂ ಕೈಯಿಂದ ಹಿಡಿದು ನಿಲ್ಲತಕ್ಕದ್ದೆಂದು ಆದೇಶವಾಗಿತ್ತು.

ಸಂಜೆ ಮೆಹಬೂಬಸಾಬರು ನಡೆದುಕೊಂಡೇ ಹೊರಬಂದರು. ಕಲ್ಲೇಶನಿಗೆ ಕೈ ಬಿಡುವಂತಿರಲಿಲ್ಲ, ಬೀಳ್ಕೊಡುಗೆಯ ಲಾಡನ್ನು ಅವನ ಬಾಯಿಗೇ ಇಟ್ಟರು. ಮುಖ ನೋಡುವ ಧೈರ್ಯ ಬಾರದೆ, ಏನಾದರೂ ಮಾತಾಡಬೇಕಲ್ಲ ಎಂದು, ಈಗ ಗೇಟು ಹೇಗಿದೆ ಎಂದು ಕೇಳಿದರು.

ಕಲ್ಲೇಶ ಲಾಡು ನುಂಗಿ, ಹಿಡಿತ ಬಿಗಿ ಮಾಡಿ, "ಛಲೋ ಐತಿ ಕಾಕಾ. ನಾ ಹಿಡದಾಗಿಂದ ಒಂದ ಹೆಜ್ಜಿನೂ ಮುಂದ ಇಟ್ಟಿಲ್ಲ," ಎಂದ.