ಉಳ್ಳಾಗಡ್ಡಿ ದರ ಮತ್ತು ಕಾಕಾನ ಚೀಟಿ

ನಮ್ಮ ಕಾಕಾನಷ್ಟು ಕಟ್ಟುನಿಟ್ಟಿನ ಮನುಷ್ಯ ನಾಶಿಕದಲ್ಲಿ ಇನ್ನೊಬ್ಬರಿರಲಿಲ್ಲ. ಆದರೂ ಅವರ ಮನೆಯಲ್ಲಿ ಇವತ್ತು ಏನು ಪಲ್ಯ ಎಂಬುದನ್ನು ಸಾಕ್ಷಾತ್ ತ್ರ್ಯಂಬಕೇಶ್ವರನೂ ಹೇಳಲಾರ!

ಕಾಕಾ ಅಂದರೆ ಅಪ್ಪನ ತಮ್ಮ, ಬೀದರದವರು; ನನ್ನನ್ನು ಪ್ರೀತಿಯಿಂದ ‘ತಂಗಿ’ ಎಂದೇ ಕರೆಯುತ್ತಾರೆ. ನಾನು ಲೆಕ್ಕ ಬರೆಯುವ ಕಾರ್ಖಾನೆಯಲ್ಲೇ ಅವರು ಪ್ರೋಗ್ರಾಮ್ ಬರೆಯುತ್ತಾರೆ. ತಾರೀಖು ಬರೆದರೆ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ಅದು ಜಗತ್ತಿನ ಸ್ಟ್ಯಾಂಡರ್ಡ್ ಅಂತೆ. ತ್ರ್ಯಂಬಕೇಶ್ವರದಲ್ಲಿ ಪೂಜೆಗೆ ಕುಳಿತಾಗ ಪುರೋಹಿತರು ಕಲ್ಪ, ಮನ್ವಂತರ, ಯುಗ, ಸಂವತ್ಸರ, ಮಾಸ, ತಿಥಿ ಎಂದು ಸಂಕಲ್ಪ ಹೇಳಿದ್ದೇ ತಡ, ಕಾಕಾ ಎದ್ದು ಅವರ ಕಾಲಿಗೆ ಬಿದ್ದರು. ‘ಇವ್ರು ನೋಡು ಖರೇ ಸ್ಟ್ಯಾಂಡರ್ಡ್ ಮಂದಿ!’

ಅವರ ಇನ್ನೊಂದು ಹುಚ್ಚು ರ‍್ಯಾಂಡಮ್ ಸಂಖ್ಯೆ, ಅಂದರೆ ಗೊತ್ತುಗುರಿಯಿಲ್ಲದೆ ಬೀಳುವ ಸಂಖ್ಯೆ. ಕಂಪ್ಯೂಟರು ಶುರುವಿಗೆ ಹಿಡಿದ ಸಂಖ್ಯೆ ಗೊತ್ತಾದರೆ ಮುಂದಿನದೆಲ್ಲ ಗೊತ್ತಾಗುತ್ತದಂತೆ. ಹಾಗಾದರೆ ಯಾರ ಊಹೆಗೂ ಸಿಗದ ಶುರು ಎಲ್ಲಿ ಸಿಗಬೇಕು? ಲಾಸಲಗಾಂವ್‌ನ ಈರುಳ್ಳಿ ಮಾರುಕಟ್ಟೆಯಲ್ಲಿ! ಅವತ್ತಿನ ಉಳ್ಳಾಗಡ್ಡಿ ದರವನ್ನು ಕಂಪ್ಯೂಟರಿಗೆ ಕೊಟ್ಟು ಕಾಕಾ ಪಲ್ಯ ಆರಿಸತೊಡಗಿದರು. ನಾಲ್ಕು ದಿನ ಬಿಡದೆ ಬದನೆಕಾಯಿ ಬಂತು.

‘ಕೆಟ್ಟದೇನ್ರಿ ನಿಮ್ಮ ಮಶೀನು?’ ಕಾಕಾನ ಹೆಂಡತಿ ಕಾಕು ಕೇಳಿದರು.

‘ಒಮ್ಮೊಮ್ಮೆ ಹಂಗೇ ಬೀಳ್ತದ. ಬೀಳಲೇಬಾರ್ದು ಅಂದ್ರ ಅದು ರ‍್ಯಾಂಡಮೇ ಅಲ್ಲ.’

ಐದನೇ ದಿನ ಕಾಕು ಮಶೀನಿನ ವಯರ್ ಬಚ್ಚಿಟ್ಟು ಮೆಂತ್ಯಪಲ್ಯ ಮಾಡಿದರು.

ಹೋದ ವರ್ಷ ಕಾರ್ಖಾನೆ ನಮ್ಮನ್ನೆಲ್ಲ ಸಂಭಾಜಿನಗರಕ್ಕೆ ಕಳಿಸಿತು. ಅಲ್ಲಿಯ ಕ್ವಾರ್ಟರ್ಸು ನಾಲ್ಕು ಮಹಡಿ, ಲಿಫ್ಟ್ ಇಲ್ಲ. ನನ್ನ ಅವ್ವನಿಗೆ ಮೊಣಕಾಲಿನ ಆಪರೇಶನ್ ಆಗಿತ್ತು. ಮನೆ ಹಂಚುವುದು ಚೀಟಿ ಎತ್ತಿ, ಅದೂ ಕಾಕಾನ ಅದೇ ಉಳ್ಳಾಗಡ್ಡಿ ಪ್ರೋಗ್ರಾಮಿನಿಂದ! ನಾನು ಮೆಲ್ಲಗೆ ಕೇಳಿದೆ.

‘ಕಾಕಾ, ನಮಗೊಂದು ಕೆಳಗಿನ ಮನಿ ಬರೂಹಂಗ ಮಾಡ್ರಿ.’

‘ಅದೊಂದು ಕೇಳಬ್ಯಾಡ ತಂಗಿ. ಆ ಪಟ್ಟಿಯೊಳಗ ಎಲ್ಲಾರ ಅವ್ವಂದಿರೂ ಅದಾರ.’

ನನಗೆ ಮೈಯೆಲ್ಲ ಉರಿಯಿತು. ಸ್ವಂತ ವೈನಿಗಿಂತ, ಅತ್ತಿಗೆಗಿಂತ, ಇವರಿಗೆ ಉಳ್ಳಾಗಡ್ಡಿ ಹೆಚ್ಚಾಯಿತೇ? ಮಾತು ಬಿಟ್ಟೆ. ಚೀಟಿ ಎದ್ದಿತು. ನಮಗೆ ನಾಲ್ಕನೇ ಮಹಡಿ, ಕಾಕಾನಿಗೆ ನೆಲಮಹಡಿ. ನಾನು ಅವರ ಮುಖ ಕೂಡ ನೋಡದೆ ಬಂದೆ.

ಸಂಜೆ ಕಾಕಾ ಬಂದು ಅವ್ವನ ಮುಂದೆ ತಮ್ಮ ಮನೆಯ ಕೀಲಿ ಇಟ್ಟರು.

‘ವೈನಿ, ನೀವು ಕೆಳಗ ಇರ್ರಿ. ಆಫೀಸಿನವ್ರೂ ಒಪ್ಯಾರ.’

‘ಬ್ಯಾಡಪ್ಪಾ, ಚೀಟಿ ನಿಮ್ಮ ಹೆಸರಿಗಿ ಬಂದದ.’

‘ಎತ್ತೂತನಕ ಅದು ಎಲ್ಲಾರದು ವೈನಿ. ಬಂದ ಮ್ಯಾಲ ನಂದು. ನಂದು ನಾ ಯಾರಿಗರ ಕೊಡ್ತೀನಿ.’

ಕಾಕು ಆಗಲೇ ಪಾತ್ರೆಗಳ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಇಂಥವರ ಮೇಲೆ ಮುನಿಸಿಕೊಂಡಿದ್ದೆನಲ್ಲ! ಮಾತು ಬಿಟ್ಟವಳು ಹೇಗೆ ಶುರು ಮಾಡಲಿ? ಹೊರಗಿದ್ದ ಅವರ ಗ್ಯಾಸ್ ಸಿಲಿಂಡರಿನ ಒಂದು ಬದಿ ಹಿಡಿದೆ. ಇನ್ನೊಂದು ಬದಿ ಕಾಕಾ ಹಿಡಿದರು.

‘ಸಾವಕಾಶ ಹತ್ತು ತಂಗಿ,’ ಅಂದರು.